ಕಲಿಯರಸನ ಕಲ್ಲಿಗೆ ಮೂರು ಊರಿನ ನೀರು

ನೆಟ್ಟಗೆ ಮಲಗು, ಶಾಲ್ಮಲಿ. ಆಕಳಿಸುವಾಗ ಬಾಯಿಗೆ ಕೈ ಅಡ್ಡ ಇಡಬೇಕು. ಹೂಂ, ಈಗ ಕೇಳು.

ಒಂದಾನೊಂದು ಕಾಲದಲ್ಲಿ, ಊರಿಗೊಂದು ಕೋಟೆ ಇದ್ದ ಕಾಲದಲ್ಲಿ, ಕಲಿಯರಸ ಅಂತ ಒಬ್ಬ ರಾಜ ಇದ್ದನಂತೆ. ಮೂರು ಊರು ಗೆದ್ದು, ಕಡೆಯ ಯುದ್ಧದಲ್ಲಿ ಸತ್ತನಂತೆ. ಅವನಿಗೆ ಮಾಚಲೆ ಅಂತ ಒಬ್ಬಳೇ ಮಗಳು. ಸತ್ತ ರಾಜನಿಗೆ ವೀರಗಲ್ಲು ನಿಲ್ಲಿಸಿ, ಅವನು ಗೆದ್ದ ಊರಿನವರೆಲ್ಲ ತಮ್ಮ ಬಾವಿಯ ನೀರು ತಂದು ಅದಕ್ಕೆ ಎರೆದ ಮೇಲೇ ಮಗಳಿಗೆ ಪಟ್ಟ ಅನ್ನೋದು ಆ ನಾಡಿನ ಪದ್ಧತಿ. ಒಂದೂರಿನ ನೀರು ಬರದಿದ್ದರೂ ಪಟ್ಟ ಇಲ್ಲವಂತೆ.

ಶಿಲ್ಪಿ ಕಾಳೋಜ ಕೆತ್ತುವ ಮೊದಲು ಕಲ್ಲಿನ ಮೇಲೆ ಇದ್ದಲಿನಲ್ಲಿ ಮೂರು ಅಂತಸ್ತು ಬರೆದಿಟ್ಟನಂತೆ. ಕೆಳಗೆ ಯುದ್ಧ, ಅದರಲ್ಲಿ ರಾಜ ಆನೆಯಷ್ಟು ದೊಡ್ಡವನು, ಶತ್ರುಗಳು ಇರುವೆಯಷ್ಟು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಅವನು ಸ್ವರ್ಗದಲ್ಲಿ ಕೂತಿರೋದು.

ಸ್ವರ್ಗಕ್ಕೇ ಹೋದ ಅಂತ ಹೇಗೆ ಗೊತ್ತಾಯ್ತು, ಅಂತೀಯಾ? ನಡುವೆ ಬಾಯಿ ಹಾಕಬೇಡ.

ಆಮೇಲೆ ಮಾಚಲೆ ನೀರು ಕೇಳೋಕೆ ತಾನೇ ಹೊರಟಳಂತೆ. ಮೊದಲನೇ ಊರಾದ ಹೊಸಗೆರೆಯವರು, ನಮಗೆ ಕೆರೆ ಕಟ್ಟಿಸಿದ ದೇವರು ಕಣಮ್ಮ ನಿಮ್ಮಪ್ಪ, ಒಂದು ಕೊಡ ಯಾಕೆ, ಹತ್ತು ತರ್ತೀವಿ ಅಂದರಂತೆ. ಎರಡನೇ ಊರಲ್ಲಿ ಒಂದೇ ಒಲೆಯ ಮುಂದೆ ಇಬ್ಬರು ವಾರಗಿತ್ತಿಯರು. ಹಿರಿಯಳ ಗಂಡ ರಾಜನ ಕಡೆ ಹೋರಾಡಿ ಸತ್ತವನು, ಕಿರಿಯಳ ಗಂಡ ರಾಜನ ಎದುರು ಹೋರಾಡಿ ಸತ್ತವನು. ನನ್ನ ಗಂಡನ ಹೆಣಕ್ಕೆ ಹೆಗಲು ಕೊಟ್ಟ ಪುಣ್ಯಾತ್ಮ ಅಂದಳಂತೆ ಹಿರಿಯಳು. ನನ್ನ ಗಂಡನ್ನ ಹೆಣ ಮಾಡಿದ ಪುಣ್ಯಾತ್ಮನೂ ಅವನೇ ಅಕ್ಕಾ, ಸಾರು ಉಕ್ತಿದೆ ನೋಡು ಅಂದಳಂತೆ ಕಿರಿಯಳು. ಕೊಡವನ್ನು ಹಿರಿಯಳು ತುಂಬ್ತೀನಿ ಅಂದಳು, ಕಿರಿಯಳು ಬೇಡ ಅನ್ನಲಿಲ್ಲ, ಅಷ್ಟೇ.

ಮೂರನೇ ಊರು ಬೆಳ್ಳಟ್ಟಿ. ಅಲ್ಲಿ ಗುಜ್ಜವ್ವ ಅನ್ನೋ ಮುದುಕಿ, ಹೊಸ ಮನೆಗೆ ಸುಟ್ಟು ಕರಕಲಾದ ಹಳೇ ಬಾಗಿಲನ್ನೇ ಕೂರಿಸಿದ್ದಳಂತೆ. ಮೂಸು, ಇನ್ನೂ ಹೊಗೆ ವಾಸನೆ ಇದೆ, ನಿಮ್ಮಪ್ಪ ಊರಿಗೆ ಬೆಂಕಿ ಇಟ್ಟಾಗ ನನ್ನ ಮಗ ಒಳಗಿದ್ದ ಅಂದಳಂತೆ. ಮಾಚಲೆಗೆ ಅಳು ಬಂತು. ಅಪ್ಪ ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ನಕ್ಷತ್ರ ತೋರಿಸ್ತಿದ್ದ ಅಜ್ಜೀ, ಅಂದಳು. ತೋರಿಸಿರ್ತಾನೆ ಮಗಳೇ, ನಾನು ಸುಳ್ಳು ಅಂತೀನಾ? ನೀನೂ ನನ್ನ ಬಾಗಿಲನ್ನ ಸುಳ್ಳು ಅನ್ನಬೇಡ. ನಿಮ್ಮ ಕಲ್ಲಲ್ಲಿ ಇದು ಇದೆಯಾ? ಇಲ್ಲ ಅಂದಳು ಮಾಚಲೆ. ಹಾಗಾದರೆ ನಮ್ಮ ನೀರೂ ಇಲ್ಲ.

ಮಾಚಲೆ ವಾಪಸು ಬಂದವಳೇ ಕಲ್ಲಿನ ಮೇಲಿನ ಇದ್ದಲನ್ನು ತನ್ನ ಸೆರಗಿನಿಂದಲೇ ಒರೆಸಿದಳಂತೆ. ಕೆರೆಯನ್ನೂ ಕೆತ್ತು, ಸುಡುವ ಬಾಗಿಲನ್ನೂ ಕೆತ್ತು, ಯುದ್ಧದಲ್ಲಿ ಎಲ್ಲರನ್ನೂ ಒಂದೇ ಎತ್ತರ ಮಾಡು ಅಂದಳಂತೆ. ಕಾಳೋಜ ಎಲ್ಲವನ್ನೂ ಕೆತ್ತಿ, ಸ್ವರ್ಗಕ್ಕೆ ಬಂದಾಗ ಉಳಿ ಕೆಳಗಿಟ್ಟ. ಇದನ್ನೇನು ಮಾಡಲಿ ತಾಯಿ? ಅಪ್ಪ ಅಲ್ಲಿರಲಿ ಅನ್ನೋದು ನನ್ನ ಆಸೆ, ಕಾಳೋಜ. ನನ್ನ ಆಸೆಯನ್ನು ಕಲ್ಲಲ್ಲಿ ಕೆತ್ತಬೇಡ. ಖಾಲಿ ಬಿಡು.

ನೀರೆರೆಯುವ ದಿನ, ಬಾಗಿಲು ಕೆತ್ತಿದ ಸುದ್ದಿ ಕೇಳಿ, ಎಲ್ಲರಿಗಿಂತ ಕೊನೆಗೆ ಗುಜ್ಜವ್ವ ಕೊಡ ಹೊತ್ತು ಬಂದಳಂತೆ. ಕಲ್ಲಿನ ಬಾಗಿಲನ್ನು ಬೆರಳಲ್ಲಿ ಸವರಿ ನೋಡಿ, ಕೊಡದ ನೀರನ್ನೆಲ್ಲ ಅದರ ಮೇಲೇ ಹುಯ್ದಳು. ರಾಜನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಇದು ಲೆಕ್ಕಕ್ಕೆ ಬರುತ್ತದೆಯೇ ಅಂತ ಮಂತ್ರಿ ಕೇಳಿದ. ಕಲ್ಲಿಗೇ ಎರೆದರಲ್ಲ, ಅಂದಳಂತೆ ಮಾಚಲೆ. ಪಟ್ಟವಾಯಿತು, ಮೂರೂ ಊರಿನವರು ಒಟ್ಟಿಗೆ ಕೂತು ಉಂಡರು, ಅವಳು ನೆಮ್ಮದಿಯಾಗಿ ರಾಜ್ಯ ಆಳಿದಳಂತೆ.

ಏನು? ಆ ರಾಜ ಒಳ್ಳೆಯವನೋ ಕೆಟ್ಟವನೋ, ಒಂದೇ ಮಾತಲ್ಲಿ ಹೇಳಬೇಕೇ? ಅವನ ಮಗಳೇ ಆ ಜಾಗ ಖಾಲಿ ಬಿಟ್ಟಿದ್ದಾಳೆ, ನಾನು ಯಾರು ತುಂಬೋಕೆ? ಹೊದಿಕೆ ಸರಿ ಮಾಡಿಕೋ. ಅವರೆಲ್ಲ ಸುಖವಾಗಿದ್ದರು, ನೀನೂ ಕಣ್ಣು ಮುಚ್ಚು, ಕತೆ ಇಲ್ಲಿಗೆ ಮುಗೀತು.