ಉಪ್ಪಿನ ಆಗರದ ಬಿಳಿ ಲೇಪ

“ಗುರುಗಳೇ, ಬಿಸಿಲು ಮೈಗೆ ಹಿತವೋ ಅಹಿತವೋ? ಬಿಸಿಲು ತಾಕದಿದ್ದರೆ ಮೂಳೆ ಸೊರಗುತ್ತದೆ ಎನ್ನುತ್ತಾರೆ ಕೆಲವರು. ತಾಕಿದರೆ ಚರ್ಮ ಕೆಡುತ್ತದೆ, ಲೇಪ ಹಚ್ಚದೆ ಹೊರಗೆ ಕಾಲಿಡಬೇಡ ಎನ್ನುತ್ತಾರೆ ಇನ್ನು ಕೆಲವರು. ಎಷ್ಟು ಬಿಸಿಲು ಸರಿ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಡಲ ದಂಡೆಯಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಉಬ್ಬರದ ನೀರನ್ನು ಆಗರದ ಮಡಿಗಳಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಉಪ್ಪು ಬಾಚಿಸುವುದು ಅವನ ಕಸುಬು. ಬಾಚಿಸುವುದು ಎಂದೆ, ಬಾಚುವುದು ಎನ್ನಲಿಲ್ಲ. ಬಾಚುತ್ತಿದ್ದವಳು ಬೀರಮ್ಮ ಎಂಬ ಕೂಲಿ ಹೆಂಗಸು. ಮೇಲೆ ಸೂರ್ಯ, ಕೆಳಗೆ ಹೊಳೆಯುವ ಉಪ್ಪು. ಅವಳ ಮುಖ ಎರಡೂ ಕಡೆಯಿಂದ ಬೇಯುತ್ತಿತ್ತು. ಕೆನ್ನೆಯ ಮೇಲೆ ಕಡಲೆಕಾಳಿನಷ್ಟು ಹುಣ್ಣೊಂದು ಎದ್ದು, ಆರು ತಿಂಗಳಾದರೂ ಮಾಯಲಿಲ್ಲ.

ವ್ಯಾಪಾರಿಗೆ ಒಬ್ಬಳೇ ಮಗಳು. ಗಂಡಿನವರು ನೋಡಲು ಬರುವವರೆಗೆ ಬಣ್ಣ ಮಾಸಬಾರದೆಂದು ಮೂರು ವರ್ಷ ಅವಳಿಗೆ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಮನೆತನದ ಪದ್ಧತಿಯಂತೆ! ಹದಿನೆಂಟರ ಹುಡುಗಿ ಗೋಡೆ ಹಿಡಿದು ಏಳುತ್ತಿದ್ದಳು.

ವೈದ್ಯ ಬಂದು ಇಬ್ಬರನ್ನೂ ನೋಡಿದ. “ಮಗಳನ್ನು ದಿನಾ ಅರ್ಧ ಗಳಿಗೆ ಅಂಗಳದ ಬಿಸಿಲಲ್ಲಿ ಕೂರಿಸಿ” ಎಂದ. ಬೀರಮ್ಮನಿಗೆಂದು ಒಂದು ಕುಡಿಕೆ ಬಿಳಿ ಲೇಪ ಕೊಟ್ಟು, “ಇದನ್ನು ಹಚ್ಚದೆ ಆಗರಕ್ಕೆ ಇಳಿಯಬಾರದು. ನಡುಹಗಲು ನೆರಳಲ್ಲಿರಲಿ. ಹುಣ್ಣು ಇನ್ನೂ ಚಿಕ್ಕದು, ಈಗ ಬಿಸಿಲು ತಪ್ಪಿಸಿದರೆ ಬದುಕುತ್ತಾಳೆ” ಎಂದ. ಕೂಲಿಯವರ ಮದ್ದನ್ನೂ ಒಡೆಯನ ಕೈಗೇ ಕೊಡುವುದು ಅಲ್ಲಿಯ ರೂಢಿ.

ಲೇಪ ಬೆಳ್ಳಗಿರುವುದನ್ನು ಕಂಡು ವ್ಯಾಪಾರಿಯ ಕಣ್ಣರಳಿತು. ಹಚ್ಚಿದರೆ ಮುಖವೂ ಬೆಳ್ಳಗಾದೀತು ಎಂದುಕೊಂಡ. ಎಂಥ ಬುದ್ಧಿವಂತ! ಕುಡಿಕೆ ಮಗಳ ಕೋಣೆ ಸೇರಿತು. ಕಿಟಕಿಯನ್ನೂ ಮುಚ್ಚಿದ ಕತ್ತಲೆ ಕೋಣೆಗೆ ಬಿಸಿಲು ತಡೆಯುವ ಲೇಪ.

ಬೀರಮ್ಮ ಬಾಗಿಲಿಗೆ ಬಂದಳು. “ಒಡೆಯಾ, ವೈದ್ಯರು ಕೊಟ್ಟದ್ದು ನನ್ನ ಹುಣ್ಣಿಗಲ್ವಾ?”

“ನಿಂಗೆ ಎಂತಕ್ಕೆ ಅದು? ಹುಟ್ಟಿದಾಗಿಂದ ಬಿಸಿಲು ತಿಂದ ಚರ್ಮ. ಇನ್ನೆಷ್ಟು ಕಪ್ಪಾಗ್ತೀ? ಹೋಗು, ಮಡಿಯಲ್ಲಿ ಉಪ್ಪು ಕಾದಿದೆ.”

ಅವಳು ಹೋದಳು. ಹೋಗದೆ ಏನು ಮಾಡುತ್ತಾಳೆ?

ಗಂಡಿನವರು ಬಂದ ದಿನ ಮಗಳು ಪಾನಕದ ತಟ್ಟೆ ಹಿಡಿದು ನಾಲ್ಕು ಹೆಜ್ಜೆ ಇಟ್ಟು ಕುಸಿದಳು. ತೊಡೆಯ ಮೂಳೆ ಮುರಿಯಿತು. ಬಣ್ಣವೇನೋ ಚೆನ್ನಾಗಿದೆ ಎಂದು ಹೇಳಿ ಬಂದವರು ಎದ್ದು ಹೋದರು. ಆಗ ವ್ಯಾಪಾರಿಗೆ ವೈದ್ಯನ ಮಾತು ನೆನಪಾಯಿತು. ಮಗಳನ್ನು ಅಂಗಳಕ್ಕೆ ತಂದು ಕೂರಿಸಿದ. ಮರುವರ್ಷ ಅವಳು ನಡೆದಾಡಿದಳು. ಅಷ್ಟರಲ್ಲಿ ಬೀರಮ್ಮನ ಹುಣ್ಣು ಕಣ್ಣಿನವರೆಗೆ ಹಬ್ಬಿತ್ತು. ಒಂದು ದಿನ ಅವಳು ಆಗರಕ್ಕೆ ಬರಲಿಲ್ಲ. ವ್ಯಾಪಾರಿ ಅವಳ ಜಾಗಕ್ಕೆ ಬೇರೊಬ್ಬಳನ್ನು ಇಟ್ಟುಕೊಂಡ.

ಗುರುಗಳು ಮಾತು ನಿಲ್ಲಿಸಿದರು.

“ತಿಳಿಯಿತು ಗುರುಗಳೇ. ಒಳಗಿದ್ದವಳಿಗೆ ಬಿಸಿಲು ಬೇಕಿತ್ತು, ಬಿಸಿಲಲ್ಲಿದ್ದವಳಿಗೆ ಲೇಪ ಬೇಕಿತ್ತು. ಆದರೆ ನನ್ನಂಥವನಿಗೆ ಎಷ್ಟು ಬಿಸಿಲು ಸರಿ ಎಂಬುದು ಮಾತ್ರ ಗೊತ್ತಾಗಲಿಲ್ಲ” ಎಂದ ಶಿಷ್ಯ.

“ಎಷ್ಟು ಬಿಸಿಲು ಎಂದು ಎರಡು ಸಲ ಕೇಳಿದೆ, ಬೀರಮ್ಮ ಏನಾದಳು ಎಂದು ಒಂದು ಸಲವೂ ಕೇಳಲಿಲ್ಲ” ಎಂದರು ಗುರುಗಳು.