ಕಾಕ್‌ಪಿಟ್ ಹೊಕ್ಕ ಆಮೆ

ಗಿರಿಪಕ್ಷಿ ಏರ್‌ವೇಸ್ ಎಂಬ ಪುಟ್ಟ ವಿಮಾನ ಕಂಪನಿಯೊಂದಿತ್ತು. ಇದ್ದದ್ದು ನಾಲ್ಕೇ ವಿಮಾನ, ಆದರೆ ಅದರ ಮ್ಯಾನೇಜರ್ ತ್ರಿವಿಕ್ರಮ ರಾಯರ ಗತ್ತು ನಲವತ್ತು ವಿಮಾನದ್ದು. ಮನುಷ್ಯ ಕೆಟ್ಟವರಲ್ಲ ಕಣ್ರೀ. ಪೈಲಟ್‌ಗಳ ಮನೆಯಲ್ಲಿ ಮದುವೆಯಾದರೆ ಮೊದಲು ಬಂದು, ಕೊನೆಯ ಪಂಕ್ತಿಯವರೆಗೂ ನಿಂತು ಬಡಿಸುತ್ತಿದ್ದರು. ಗಡಿಯಾರ ಕಂಡರೆ ಮಾತ್ರ ಮೈಮೇಲೆ ದೇವರು ಬಂದವರ ಹಾಗೆ ಆಡುತ್ತಿದ್ದರು.

ಒಂದು ದಿನ ಅವರು ಪೈಲಟ್‌ಗಳ ಕೊಠಡಿಗೆ ಹಸಿರು ಬಣ್ಣದ ಮರದ ಆಮೆಯೊಂದನ್ನು ತಂದಿಟ್ಟರು. ಯಾರ ವಿಮಾನ ತಡವಾಗುತ್ತದೋ ಅವರ ಹೆಸರಿನ ಫಲಕದ ಮುಂದೆ ಆ ಆಮೆ ವಾರವಿಡೀ ಕೂರಬೇಕು. ಮಳೆಯೋ ಗಾಳಿಯೋ, ಕಾರಣ ಯಾರೂ ಕೇಳುವ ಹಾಗಿಲ್ಲ. ವರ್ಷದಲ್ಲಿ ಮೂರು ಸಲ ಆಮೆ ಬಂತೋ, ಕ್ಯಾಪ್ಟನ್ ಕೆಲಸ ಹೋಯಿತು, ಆಫೀಸಿನ ಕುರ್ಚಿ ಬಂತು!

ಕ್ಯಾಪ್ಟನ್ ಮಂದಾಕಿನಿಗೆ ಆಗಲೇ ಎರಡು ಸಲ ಬಂದಿತ್ತು. ಒಮ್ಮೆ ಮಂಜು ಕರಗಲೆಂದು ಕಾದಿದ್ದಕ್ಕೆ. ಇನ್ನೊಮ್ಮೆ ರನ್‌ವೇ ನಡುವೆ ನಾಯಿಯೊಂದು ಆರಾಮಾಗಿ ಬಿಸಿಲು ಕಾಯಿಸುತ್ತಿದ್ದುದರಿಂದ ಇನ್ನೊಂದು ಸುತ್ತು ಹಾಕಿ ಬಂದಿದ್ದಕ್ಕೆ. ಇಪ್ಪತ್ತೆರಡು ವರ್ಷ ಆಕಾಶದಲ್ಲಿ ಓಡಾಡಿದ ಹೆಂಗಸು. ಕುರ್ಚಿಯಲ್ಲಿ ಕೂತು ಫೈಲು ತಿರುವುವುದೆಂದರೆ ಆಕೆಗೆ ಜೈಲಿದ್ದ ಹಾಗೆ.

ಮಳೆಗಾಲದ ಒಂದು ಬೆಳಿಗ್ಗೆ ಆಕೆಯ ವಿಮಾನಕ್ಕೆ ಖುದ್ದು ರಾಯರೇ ಹತ್ತಿದರು. ರೇಷ್ಮೆ ಪಂಚೆ, ಜರಿ ಶಲ್ಯ, ಕೈಯಲ್ಲಿ ಹೂವಿನ ಬುಟ್ಟಿ.

“ಕ್ಯಾಪ್ಟನ್ ಅಮ್ಮಾ, ಹನ್ನೊಂದೂ ಹತ್ತಕ್ಕೆ ಮಗಳ ನಿಶ್ಚಿತಾರ್ಥ. ಹತ್ತೂವರೆಗೆ ಇಳಿಸಿಬಿಡಿ. ಆಮೆಗೆ ಕೆಲಸ ಕೊಡಬೇಡಿ, ಆಯ್ತಾ?” ಎಂದು ನಗುತ್ತಾ ಪ್ರಯಾಣಿಕರ ಸಾಲಿನ ಮುಂದಿನ ಸೀಟಿನಲ್ಲಿ ಕೂತರು.

ಮಂದಾಕಿನಿಯೂ ನಕ್ಕಳು. ನಕ್ಕವಳೇ ಗಡಿಯಾರ ನೋಡಿಕೊಂಡಳು.

ಇಳಿಯಬೇಕಾದ ಊರಿನ ರನ್‌ವೇ ಗುಡ್ಡದ ನೆತ್ತಿಯ ಮೇಲಿತ್ತು. ಅದರ ತುದಿ ದಾಟಿದರೆ ಕಣಿವೆ. ಅಲ್ಲಿಗೊಂದು ನಿಯಮ: ನೆಲಕ್ಕೆ ಐನೂರು ಅಡಿ ಇರುವಾಗ ವೇಗ ಹದದಲ್ಲಿರಬೇಕು, ಇಲ್ಲದಿದ್ದರೆ ಮರುಮಾತಿಲ್ಲದೆ ಮೇಲೇರಿ ಮತ್ತೊಮ್ಮೆ ಬರಬೇಕು. ಹದ ತಪ್ಪಿದ್ದನ್ನು ಪಕ್ಕದ ಸೀಟಿನ ಸಹ ಪೈಲಟ್ ಕೂಗಿ ಹೇಳಬೇಕು.

ಆ ದಿನ ಗಾಳಿ ಹಿಂದಿನಿಂದ ತಳ್ಳುತ್ತಿತ್ತು. ಐನೂರು ಅಡಿಗೆ ಬಂದಾಗ ವೇಗ ಹದ ಮೀರಿತ್ತು. ಸಹ ಪೈಲಟ್ ಇಮ್ತಿಯಾಜ್ ನೋಡಿದ. ಬಾಯಿ ತೆರೆದ. ಹಾಗೇ ಮುಚ್ಚಿದ.

ಮಂದಾಕಿನಿಗೂ ಕಂಡಿತು. ಆದರೆ ಕಣ್ಣ ಮುಂದೆ ಬಂದು ಕೂತದ್ದು ಆ ಹಾಳು ಆಮೆ! ಇಳಿಸಿಬಿಡಲೇ? ಹೇಗೋ ಆಗುತ್ತದಲ್ಲ? ಒಂದು ಸೆಕೆಂಡು ಹೋಯಿತು. ಎರಡಾಯಿತು. ಮೂರೂ ಆಯಿತು. ಒದ್ದೆ ರನ್‌ವೇ ಧಾವಿಸಿ ಬರುತ್ತಿತ್ತು.

“ಥೂ! ಮೇಲಕ್ಕೆ ಹೋಗೋಣ ಇಮ್ತಿಯಾಜ್!” ಎಂದವಳೇ ಎಂಜಿನ್‌ಗಳಿಗೆ ಪೂರ್ತಿ ಬಲ ಕೊಟ್ಟಳು. ವಿಮಾನ ಗರ್ಜಿಸಿ ಮೋಡಕ್ಕೆ ನುಗ್ಗಿತು. ಮುಂದಿನ ಸೀಟಿನಿಂದ “ಅಯ್ಯಯ್ಯೋ, ಅಮ್ಮಾ!” ಎಂಬ ಕೂಗು ಕೇಳಿಸಿತು. ಹೂವಿನ ಬುಟ್ಟಿ ಮಗುಚಿತ್ತು.

ದೊಡ್ಡದೊಂದು ಸುತ್ತು ಹಾಕಿ, ಗಾಳಿ ತಗ್ಗುವವರೆಗೆ ಕಾದು, ಎದುರು ದಿಕ್ಕಿನಿಂದ ಬಂದು ಆಕೆ ಮೆತ್ತಗೆ ಇಳಿಸಿದಳು. ಗಂಟೆ ಹನ್ನೊಂದೂಕಾಲು.

ರಾಯರು ಕಾಕ್‌ಪಿಟ್ ಬಾಗಿಲಿಗೆ ಬಂದರು. ತಲೆಯ ತುಂಬ ಮಲ್ಲಿಗೆ, ಮುಖದ ತುಂಬ ಕೆಂಡ.

“ಏನ್ರೀ ಇದು? ಮುಹೂರ್ತ ಹೋಯ್ತಲ್ರೀ!”

“ಹೋಯ್ತು ಸರ್. ಆಮೆ ಕಳಿಸಿಕೊಡಿ,” ಎಂದಳು ಮಂದಾಕಿನಿ. “ಆದರೆ ನಿಜ ಹೇಳ್ತೀನಿ ಕೇಳಿ. ನಿಯಮದ ಪ್ರಕಾರ ನಾನು ತಕ್ಷಣ ಮೇಲೇರಬೇಕಿತ್ತು. ಮೂರು ಸೆಕೆಂಡು ತಡ ಮಾಡಿದೆ. ಆ ಮೂರು ಸೆಕೆಂಡು ನಾನು ರನ್‌ವೇ ನೋಡಲಿಲ್ಲ, ನಿಮ್ಮ ಆಮೆ ನೋಡ್ತಿದ್ದೆ.”

ಇಮ್ತಿಯಾಜ್ ತಲೆ ತಗ್ಗಿಸಿದ. “ಮೊದಲು ನೋಡಿದ್ದು ನಾನು ಸರ್. ಕೂಗಿದರೆ ಮೇಡಂಗೆ ಮೂರನೇ ಆಮೆ ಬರುತ್ತಲ್ಲ ಅಂತ ಸುಮ್ಮನಾದೆ.”

“ಇಲ್ಲಿರೋದು ಎರಡೇ ಸೀಟು ಸರ್,” ಎಂದಳು ಮಂದಾಕಿನಿ. “ಇವತ್ತು ವಿಮಾನ ಓಡಿಸ್ತಿದ್ದದ್ದು ನಾವಿಬ್ಬರೂ ಅಲ್ಲ, ಆ ಆಮೆ.”

ರಾಯರು ಕಿಟಕಿಯಾಚೆ ನೋಡಿದರು. ರನ್‌ವೇ ತುದಿ ಕಂಡಿತು, ಅದರಾಚೆಯ ಕಣಿವೆಯೂ ಕಂಡಿತು. ಮುಖದ ಕೆಂಡ ಆರಿಹೋಯಿತು. ತಲೆಯ ಮೇಲಿನ ಮಲ್ಲಿಗೆ ಕೊಡವಿಕೊಂಡು, “ನನ್ನ ಮಗಳು ನನಗಾಗಿ ಕಾಯ್ತಿದಾಳೆ,” ಎಂದಷ್ಟೇ ಹೇಳಿ ಇಳಿದುಹೋದರು.

ಮುಹೂರ್ತಕ್ಕೇನು! ಪುರೋಹಿತರು ಪಂಚಾಂಗ ತಿರುವಿ ಮಧ್ಯಾಹ್ನಕ್ಕೆ ಇನ್ನೊಂದು ಹುಡುಕಿದರು. ನಿಶ್ಚಿತಾರ್ಥ ಭರ್ಜರಿಯಾಗಿ ನಡೆಯಿತು. ಮಂದಾಕಿನಿಗೂ ಇಮ್ತಿಯಾಜನಿಗೂ ರಾಯರೇ ನಿಂತು ಹೋಳಿಗೆ ಬಡಿಸಿದರು, ಬೇಡ ಬೇಡ ಎಂದರೂ ಬಿಡಲಿಲ್ಲ.

ಸೋಮವಾರ ಪೈಲಟ್‌ಗಳು ಬಂದು ನೋಡಿದರೆ ಕೊಠಡಿಯಲ್ಲಿ ಆಮೆಯೇ ಇಲ್ಲ. ಅದು ರಾಯರ ಮೇಜಿನ ಮೇಲೆ, ಅವರ ಹೆಸರಿನ ಫಲಕದ ಮುಂದೆ ಕೂತಿತ್ತು. ತಡವಾದರೆ ಇನ್ನು ಮೇಲೆ ಉತ್ತರ ಹೇಳುವವರು ಅವರೇ.

ಮುಂದಿನ ತಿಂಗಳು ಅದೇ ಗುಡ್ಡ, ಅದೇ ಗಾಳಿ. ವೇಗ ತುಸು ಹೆಚ್ಚಿತಷ್ಟೇ, ಇಮ್ತಿಯಾಜ್ ಹಿಂದಿನ ಸೀಟಿನವರಿಗೂ ಕೇಳಿಸುವಂತೆ ಕೂಗಿದ: “ಮೇಲಕ್ಕೆ, ಮೇಡಂ!”

ಮಂದಾಕಿನಿ ಆಗಲೇ ಮೇಲೇರಿಸಿದ್ದಳು.

ನೀತಿ: ಜೀವ ಕಾಯುವ ಕೆಲಸದವರ ತಲೆಯಲ್ಲಿ ಆ ಕೆಲಸವೊಂದೇ ಇರಬೇಕು. ಅಲ್ಲಿಗೆ ಮೇಲಿನವರ ಭಯ ಹೊಕ್ಕರೆ ಕಣ್ಣು ಕಂಡದ್ದನ್ನೂ ಬಾಯಿ ಹೇಳುವುದಿಲ್ಲ. ಅವಸರಪಡಿಸುವ ಯಜಮಾನ ಮೊದಲು ನೆನಪಿಡಬೇಕಾದ್ದು ಇಷ್ಟೇ, ಆ ವಿಮಾನದಲ್ಲಿ ತಾನೂ ಒಂದು ದಿನ ಕೂರಬೇಕು.