ಹನ್ನೊಂದನೇ ಬುಟ್ಟಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕೊಟ್ರಬಸಪ್ಪ ಅಂತ ಒಬ್ಬ ದಲಾಲಿ ಸಾಹುಕಾರ. ಒಂದು ಬೆಳಿಗ್ಗೆ ಹೊಸ ಗುಮಾಸ್ತನ ಮುಂದೆ ಎರಡು ಚೀಲ ಚೀಟಿ ಸುರಿದ.

"ಖರೀದಿದಾರರು ಕೊಟ್ಟಿದ್ದು ಜಮಾ, ರೈತರಿಗೆ ಹೋಗಿದ್ದು ಖರ್ಚು. ಸಂಜೀಕ ಆಡಿಟರ್ ಬರ್ತಾರ. ಅಷ್ಟರೊಳಗ ಪ್ರತಿ ಖರ್ಚಿಗೂ ಅಷ್ಟೇ ಮೊತ್ತದ ಜಮಾ ಜೋಡಿ ಆಗಬೇಕು. ಇಲ್ಲಂದ್ರ ನಾಳೆ ಅಂಗಡಿ ಕಡೆ ತಲೀನೂ ಹಾಕಬ್ಯಾಡ!"

ಹಿಂದಿನ ಗುಮಾಸ್ತ ಒಂದೊಂದು ಚೀಟಿಗೂ ಇಡೀ ರಾಶಿ ಹುಡುಕಿ ಹುಡುಕಿ ಕೆಲಸವನ್ನೇ ಬಿಟ್ಟು ಹೋಗಿದ್ದ. ಇವನು ಹತ್ತು ಖಾಲಿ ಮೆಣಸಿನಕಾಯಿ ಬುಟ್ಟಿ ಸಾಲಾಗಿ ಇಟ್ಟ.

"ಲೆಕ್ಕ ಮಾಡು ಅಂದ್ರ ಸಂತಿ ಹಚ್ಚೀಯೇನು?" ಎಂದು ಗುಡುಗಿದ ಸಾಹುಕಾರ, ಬುಟ್ಟಿಯ ಘಾಟಿಗೆ ಮೂರು ಸಲ ಸೀನಿದ.

"ಜೋಡಿ ಚೀಟಿಗಳ ಕಡೇ ಅಂಕಿ ಒಂದೇ ಇರತೈತ್ರಿ. ಏಳರಾಗ ಮುಗಿಯೋವು ಏಳನೇ ಬುಟ್ಟಿಗೆ, ಸೊನ್ನೇವು ಹತ್ತನೇದಕ್ಕ. ಆಮ್ಯಾಲ ಆಯಾ ಬುಟ್ಟಿಯೊಳಗ ಹುಡುಕಿದ್ರ ಸಾಕು."

ಮಧ್ಯಾಹ್ನದ ಚಹಾ ಬರುವಷ್ಟರಲ್ಲಿ ಎಲ್ಲ ಜೋಡಿಯಾಗಿ, ಏಳನೇ ಬುಟ್ಟಿಯಲ್ಲಿ ಒಂದೇ ಒಂದು ಖರ್ಚಿನ ಚೀಟಿ ಉಳಿಯಿತು. ಮುನ್ನೂರ ಏಳು ರೂಪಾಯಿ.

"ಸಿಕ್ಕಿಬಿದ್ದಿ ಮಗನ! ಇದರ ಜೋಡಿ ಎಲ್ಲೈತಿ?"

ಚೀಟಿಯಲ್ಲಿ ಯಾವ ರೈತನ ಹೆಸರೂ ಇರಲಿಲ್ಲ, ಇದ್ದದ್ದು ಸಾಹುಕಾರನದೇ ಅಕ್ಷರ. ಮೂಲೆಯಲ್ಲಿ ತುಪ್ಪದ ಕಲೆ. ಗುಮಾಸ್ತ ಮೂಸಿ ನೋಡಿದ. ಪೇಡೆ! ಸಾಹುಕಾರನಿಗೆ ಡಾಕ್ಟರು ಸಿಹಿ ಮುಟ್ಟಬೇಡಿ ಅಂದಿದ್ದು ಪೇಟೆಗೆಲ್ಲ ಗೊತ್ತಿತ್ತು. ಅವನ ಕಣ್ಣು ಸಾಹುಕಾರನ ಹೊಟ್ಟೆಯ ಮೇಲೆ ನಿಂತಿತು.

"ಹತ್ತೂ ಬುಟ್ಟಿ ನೋಡೇನ್ರಿ. ಇದರ ಜೋಡಿ ಹನ್ನೊಂದನೇ ಬುಟ್ಟಿಗೆ ಬಿದ್ದೈತ್ರಿ."

ಮೊದಲು ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಬಂತು. ಸಾಹುಕಾರ ಸ್ವಂತ ಜೇಬಿನಿಂದ ಮುನ್ನೂರ ಏಳು ರೂಪಾಯಿ ತೆಗೆದು ಜಮಾ ಮಾಡಿದ.

"ಜೋಡಿ ಆತಲ್ಲ? ಮನ್ಯಾಗ ನನ್ನ ಹೆಂಡ್ತಿ ಮುಂದ ಹೇಳಬ್ಯಾಡಪ್ಪ."

"ಹೇಳಂಗಿಲ್ರಿ. ಆದ್ರ ಈ ಬಾಯಿ ಖಾಲಿ ಇದ್ರ ಸುಮ್ಮನ ಇರೂದಿಲ್ರಿ."

ಸಾಹುಕಾರ ನಿಟ್ಟುಸಿರು ಬಿಟ್ಟು, ಗಾದಿಯ ಕೆಳಗಿನಿಂದ ಪೇಡೆಯ ಡಬ್ಬಿ ಎಳೆದ.